ಗುಡ್ಡದ ಕುರಿ, ಸಂತೆಯ ಕುರಿ

ಕುರಿ ಗೋಡೆಯ ಮೇಲೆ ಸಿಕ್ಕಿಕೊಂಡಿತು. ಅದರ ಹಿಂದಿನ ಅರ್ಧ ಹೊರಗೆ, ಅಪ್ಪನ ಹೆಗಲ ಮೇಲಿತ್ತು. ಮುಂದಿನ ಅರ್ಧ ಒಳಗೆ, ನನ್ನ ಮುಖದ ಮೇಲೆ. ನಡುವಿನ ಹೊಟ್ಟೆ ಶಿಬಿರದ ಕಾಂಪೌಂಡಿನ ಮೇಲೆ ಒಣಹಾಕಿದ ಕಂಬಳಿಯ ಹಾಗೆ ಆರಾಮಾಗಿ ಮಲಗಿತ್ತು.

“ಎಳಿಯವಾ,” ಎಂದರು ಅಪ್ಪ ಗೋಡೆಯಾಚೆಯಿಂದ.

“ಎಳ್ಯಾಕತ್ತೀನಿ. ನೀವ ನೂಕವಲ್ರಿ.”

“ನೂಕಿ ನೂಕಿ ನನ್ನ ರಟ್ಟಿ ಬಿದ್ದು ಹೋದ್ವು. ಶೇಂಗಾ ತೋರ್ಸು ಅದಕ್ಕ.”

ನಾನು ಚೂಡಿದಾರದ ಕಿಸೆಯಿಂದ ಒಂದು ಹಿಡಿ ಶೇಂಗಾ ತೆಗೆದು ಕುರಿಯ ಮೂಗಿಗೆ ಹಿಡಿದೆ. ಅದು ಮುಂದಕ್ಕೆ ಬಾಗಿತು, ಇನ್ನಷ್ಟು ಬಾಗಿತು, ಆಮೇಲೆ ಇಡಿಯಾಗಿ ನನ್ನ ಮೇಲೆ ಬಿತ್ತು. ಆತ್ಮಿಕ ಅನುಭವ ಇಷ್ಟು ಭಾರವಾಗಿರುತ್ತದೆಂದು ಏಳು ವರ್ಷಗಳಲ್ಲಿ ಯಾವ ಭಾಷಣಕಾರರೂ ಹೇಳಿರಲಿಲ್ಲ. ನಾನು ಅಂಗಾತ ಬಿದ್ದು ಉಸಿರಿಗಾಗಿ ಹುಡುಕುತ್ತಿದ್ದರೆ ಕುರಿ ನನ್ನ ಎದೆಯ ಮೇಲೆ ನಿಂತು ಶೇಂಗಾ ಮುಗಿಸುತ್ತಿತ್ತು.

“ಬಿತ್ತೇನು?”

“ಬಿತ್ತು.”

“ಯಾರರ ನೋಡಿದ್ರೇನು?”

“ಇಲ್ಲ.”

“ದೇವರು ಕ್ಷಮಿಸ್ಲಿ,” ಎಂದರು ಅಪ್ಪ. ಯಾರನ್ನು ಎಂದು ನಾನು ಕೇಳಲಿಲ್ಲ. ಅವರ ಸ್ಕೂಟರು ಇಂಜಿನ್ ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳಿ ಹೋದದ್ದು ಕೇಳಿಸಿತು.

ಅದು ಊಟದ ನಂತರದ ಮೌನದ ತಾಸು. ಒಳಗೆ ಹೆಂಚಿನ ಹಾಲಿನಲ್ಲಿ ಮಕ್ಕಳೆಲ್ಲ ಚಾಪೆಯ ಮೇಲೆ ಮಲಗಿ, ತಮ್ಮ ಪಾಪಗಳ ಬಗ್ಗೆ ಯೋಚಿಸುತ್ತ ಗೊರಕೆ ಹೊಡೆಯುತ್ತಿದ್ದರು. ಅವರ ಕುರಿಗಳು ಹೊರಗೆ ಬೇವಿನ ಮರದ ಕೆಳಗೆ ಮಲಗಿದ್ದವು. ನೂರು ಮಕ್ಕಳು, ತೊಂಬತ್ತೊಂಬತ್ತು ಕುರಿ. ಶಿಬಿರದ ನಿರ್ದೇಶಕರೂ ನಮ್ಮ ಸಭೆಯ ಹಿರಿಯರೂ ಆದ ಸಮುವೇಲಪ್ಪ ಮಾಸ್ತರರು ಅಂದು ಬೆಳಿಗ್ಗೆ ಹಾಜರಿ ತೆಗೆದುಕೊಂಡು, “ಸತ್ಯವೇದದ ಕಥ್ಯಾಗ ನೂರರಾಗ ತಪ್ಪಿಸಿಕೊಳ್ಳೋದು ಒಂದು ಕುರಿ. ನಮ್ಮಲ್ಲಿ ತಪ್ಪಿಸಿಕೊಂಡಾಕಿ ಅಯ್ಯನೋರ ಮಗಳು,” ಎಂದಿದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಭಾಪಾಲಕರ ಮಗಳು ಇಂಥ ಕಡೆ ಮೊದಲು ನಗಬೇಕು.

ಪ್ರತಿ ಮೇ ತಿಂಗಳೂ ಶಿಬಿರದ ಗುರುವಾರ, ದೇವರಿಗೆ ತಮ್ಮನ್ನು ಒಪ್ಪಿಸಿಕೊಳ್ಳುವ ತೀರ್ಮಾನದ ಕೂಟದಲ್ಲಿ, ಈ ಕುರಿಗಳು ಬರುತ್ತವೆ. ಹೊರಗಿನಿಂದ ಬಂದ ಭಾಷಣಕಾರರು ಗಿಟಾರು ಕೆಳಗಿಟ್ಟು ಕಣ್ಣು ಮುಚ್ಚಿರಿ ಅನ್ನುತ್ತಾರೆ, ಯಾರೋ ಬಿಕ್ಕುತ್ತಾರೆ, ಗುಡ್ಡದ ಹಿಂದಿನಿಂದ ಮೊದಲ ‘ಬ್ಯಾ’ ಕೇಳುತ್ತದೆ. ಆಮೇಲೆ ಒಂದೊಂದೇ ಕಿಟಕಿಯಲ್ಲಿ ತಲೆ ಹಾಕಿ, ತನ್ನ ಹುಡುಗನನ್ನೋ ಹುಡುಗಿಯನ್ನೋ ಗುರುತಿಸಿ, ಚಪ್ಪಲಿಗಳ ರಾಶಿ ದಾಟಿ ಒಳಗೆ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ನಾನೂ ಅಳುತ್ತಿದ್ದೆ. ಕೈ ಎತ್ತುತ್ತಿದ್ದೆ. ಮುಂದೆ ಬನ್ನಿ ಅಂದರೆ ಎಲ್ಲರಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದೆ. ಕಂಠಪಾಠದ ವಾಕ್ಯಗಳಲ್ಲಿ ಐದು ಸಲ ನನಗೇ ಮೊದಲ ಬಹುಮಾನ. ಮೂರನೆಯ ವರ್ಷ ಒಂದು ಬಿಳಿ ಕುರಿ ನೇರ ನನ್ನೆದುರಿಗೆ ಬಂದು ನಿಂತಿತ್ತು. ನಾನು “ಸ್ತೋತ್ರ!” ಎಂದು ಅದರ ಕೊರಳು ತಬ್ಬಿಕೊಂಡೆ. ಅದು ಬಹಳ ಮರ್ಯಾದೆಯಿಂದ ನಾನು ಬಿಡುವವರೆಗೂ ಕಾದು, ನನ್ನ ಹಿಂದೆ ನಿಂತಿದ್ದ ಹುಡುಗನ ಹತ್ತಿರ ಹೋಯಿತು.

ಇದು ನನ್ನ ಕೊನೆಯ ಶಿಬಿರ. ಹದಿನೆಂಟು ತುಂಬಿದವರಿಗೆ ಶಿಬಿರವಿಲ್ಲ, ಶಿಬಿರವಿಲ್ಲದವರಿಗೆ ಕುರಿಯಿಲ್ಲ. ಮನೆಯಲ್ಲಿ ಅವ್ವ ಪ್ರತಿ ವರ್ಷ ಹೊಸ ಹಗ್ಗ ತಂದು ಗೂಟದ ಪಕ್ಕ ಇಡುತ್ತಿದ್ದಳು. ನಾನು ಒಬ್ಬಳೇ ಗುಡ್ಡ ಇಳಿದು ಬಂದ ಸಂಜೆ ಅದನ್ನು ಮಾತಿಲ್ಲದೆ ಎತ್ತಿಟ್ಟು, ನನ್ನ ತಟ್ಟೆಗೆ ಎರಡು ಹೋಳಿಗೆ ಜಾಸ್ತಿ ಹಾಕುತ್ತಿದ್ದಳು. ಹಗ್ಗಗಳು ಅಟ್ಟದಲ್ಲಿ ಆರು ಆಗಿದ್ದವು. ಅಪ್ಪನಿಗೆ ತಡೆದುಕೊಳ್ಳಲಾಗದ್ದು ಸಮುವೇಲಪ್ಪ ಮಾಸ್ತರರ ಮಾತಲ್ಲ, ಆ ಹೋಳಿಗೆ.

ಅದರಲ್ಲೂ ಈ ವರ್ಷ ತಬಿಥಾಳಿಗೂ ಬಂದಿತ್ತು. ತಬಿಥಾ ದರ್ಜಿ ನತಾನಪ್ಪನ ಮಗಳು, ನನ್ನ ಗೆಳತಿ, ಪ್ರಾರ್ಥನೆಯ ನಡುವೆ ನಗುವುದರಲ್ಲಿ ಊರಿಗೇ ಹೆಸರಾದವಳು. ಗುರುವಾರವೂ ನಕ್ಕಳು. ಮಾಸ್ತರರು ಸೀಟಿ ಊದಿ ಅವಳನ್ನು ಕೂಟದಿಂದ ಎಬ್ಬಿಸಿ ಅಡಿಗೆಮನೆಗೆ ಬೆಳ್ಳುಳ್ಳಿ ಸುಲಿಯಲು ಕಳಿಸಿದರು. ಅಲ್ಲಿಗೇ ಬಂತು, ಕಿವಿ ಹರಿದ ಒಂದು ಕಂದು ಕುರಿ. ಅಡಿಗೆಯವರು ಹೇಳುವ ಪ್ರಕಾರ ತಬಿಥಾ ಹತ್ತು ನಿಮಿಷ ನಗಲಿಲ್ಲ. ಆಮೇಲೆ ಬೆಳ್ಳುಳ್ಳಿ ಕೈಯಿಂದ ಕಣ್ಣೊರೆಸಿಕೊಂಡದ್ದರಿಂದ ಮತ್ತೆ ಅರ್ಧ ತಾಸು ನಗಲಿಲ್ಲ. ಕುರಿಗೆ ಪೊಲೀಸ್ ಎಂದು ಹೆಸರಿಟ್ಟಳು. “ಯಾಕ ಅಂದ್ರ ನನ್ನ ಹಿಡೀತು,” ಎಂದಳು. ನಾನು “ಬಾಳ ಸಂತೋಷ,” ಅಂದೆ, ಮಲಗುವ ಕೋಣೆಗೆ ಹೋಗಿ ದಿಂಬು ಕಚ್ಚಿದೆ.

ಶನಿವಾರ ಮಧ್ಯಾಹ್ನ ಮನೆಯಿಂದ ಒಂದು ಡಬ್ಬಿ ಶೇಂಗಾ ಬಂತು. ಜೊತೆಗೆ ಹಳೆಯ ಉಪದೇಶದ ಹಾಳೆಯ ಹಿಂಭಾಗದಲ್ಲಿ ಅಪ್ಪನ ಕೈಬರಹ: ‘ಮೂರಕ್ಕೆ, ಹಿಂದಿನ ಗೋಡೆ.’

ಸಂತೆಯಲ್ಲಿ ನಡೆದದ್ದನ್ನು ಅವರು ಆಮೇಲೆ ಹೇಳಿದರು. ಯಾರಿಗೂ ಗುರುತು ಸಿಗಬಾರದೆಂದು ಮಂಕಿಕ್ಯಾಪು ಹಾಕಿಕೊಂಡು ಹೋಗಿದ್ದರು. ಮೇ ತಿಂಗಳಾದ್ದರಿಂದ ಇಡೀ ಸಂತೆ ಅವರನ್ನೇ ನೋಡಿತು. ಕುರಿಯವನು, “ಅಯ್ಯನೋರ, ಕೊಯ್ಯಾಕೇನ್ರಿ, ಸಾಕಾಕೇನ್ರಿ?” ಎಂದು ಕೇಳಿದ. “ಮಗಳಿಗೆ,” ಎಂದರು ಅಪ್ಪ. “ಓಹೋ, ಮದಿವಿ! ಮದಿವಿಗೆ ಒಂದ ಕುರಿ ಎಲ್ಲಿ ಸಾಲತೈತ್ರಿ?” ಎಂದು ಅವನು ಇನ್ನೊಂದನ್ನೂ ಎಳೆದು ನಿಲ್ಲಿಸಿದನಂತೆ. ಕುರಿಯ ಬೆನ್ನ ಮೇಲೆ ಸಂತೆಯವರು ಹಚ್ಚಿದ ನೀಲಿ ಬಣ್ಣದ ಪಟ್ಟೆಯಿತ್ತು. ಅಪ್ಪ ಹಳ್ಳದ ದಂಡೆಗೆ ಹೋಗಿ ಅದನ್ನು ಸೀಮೆಎಣ್ಣೆಯಿಂದ ತಿಕ್ಕಿ ತೆಗೆದಿದ್ದರು.

ನಾಲ್ಕು ಗಂಟೆಗೆ ಸೀಟಿ ಕೇಳಿ ಎಲ್ಲರೂ ಹೊರಗೆ ಬಂದಾಗ ನಾನು ಬೇವಿನ ಮರದ ಕೆಳಗೆ, ತಲೆಯಲ್ಲಿ ಕಸಕಡ್ಡಿ ಸಮೇತ, ಒಂದು ಕುರಿಯ ಪಕ್ಕ ನಿಂತಿದ್ದೆ. ನಾನು ಎರಡು ಹೆಜ್ಜೆ ಇಟ್ಟರೆ ಅದೂ ಎರಡು ಹೆಜ್ಜೆ ಇಡುತ್ತಿತ್ತು. ಅಷ್ಟೇ ಅಲ್ಲ, ನನ್ನ ಕಿಸೆಗೆ ತಲೆಯಿಂದ ಗುದ್ದುತ್ತಿತ್ತು. ಬೇರೆ ಯಾರ ಕುರಿಗೂ ಇಷ್ಟು ಪ್ರೀತಿಯಿರಲಿಲ್ಲ.

ಸಮುವೇಲಪ್ಪ ಮಾಸ್ತರರು ಸೀಟಿಯನ್ನು ಬಾಯಿಂದ ತೆಗೆಯುವುದನ್ನೇ ಮರೆತು ಹತ್ತಿರ ಬಂದರು. ಉಸಿರಾಡಿದಾಗೊಮ್ಮೆ ಸಣ್ಣಗೆ ಸೀಟಿ ಬರುತ್ತಿತ್ತು. ಬಗ್ಗಿ ಕುರಿಯ ಬೆನ್ನು ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದರು.

“ಇದು ಏನು ವಾಸನಿ ಗೊತ್ತೈತೇನು ಮಕ್ಕಳಾ?” ಎಂದರು. “ರಕ್ತಬೋಳ! ಆ ಸುಗಂಧದ ಬಗ್ಗೆ ಸತ್ಯವೇದದಾಗ ಓದೀನಿ, ಐವತ್ತು ವರ್ಷ ಪಾಠಾ ಮಾಡೀನಿ, ಮೂಗಿಗೆ ಬಂದದ್ದು ಇವತ್ತ ಮೊದಲು.”

ತೊಂಬತ್ತೊಂಬತ್ತು ಮಕ್ಕಳೂ ಸಾಲಾಗಿ ಬಂದು ಸೀಮೆಎಣ್ಣೆ ಮೂಸಿದರು. ಕೆಲವರು ಅತ್ತರು. ತಬಿಥಾ ಮೂಸಿ, ನನ್ನನ್ನು ತಬ್ಬಿಕೊಂಡು, “ತಡಾ ಆತಂದ್ರೂ ಎಂಥಾ ಚಲೋದು ಬಂತಲೇ ಸುಕ್ಕಿ!” ಎಂದಳು. ಒಂದಿಷ್ಟೂ ನಗಲಿಲ್ಲ.

ಭಾನುವಾರ ಗುಡ್ಡ ಇಳಿದೆವು. ನಮ್ಮ ಊರು ಮೇ ತಿಂಗಳಿಗೆ ಸಿದ್ಧವಾಗಿರುತ್ತದೆ. ಹೂವಿನ ಕುಂಡಗಳು ಮಾಳಿಗೆಗೆ ಏರಿರುತ್ತವೆ. ‘ಶಿಬಿರದ ಕುರಿಗಳನ್ನು ಹೊರಗೆ ನಿಲ್ಲಿಸಿರಿ’ ಎಂಬ ಬೋರ್ಡನ್ನು ಖಾನಾವಳಿಯವರು ಒರೆಸಿ ತೂಗುಹಾಕುತ್ತಾರೆ. ಬಸ್ಸಿನ ಕಂಡಕ್ಟರು ಕುರಿಗೆ ಅರ್ಧ ಟಿಕೀಟು ಹರಿಯುತ್ತಾನೆ, ಕಿಟಕಿಯ ಸೀಟು ಮಾತ್ರ ಕೊಡುವುದಿಲ್ಲ. ಮಾಂಸದ ಅಂಗಡಿಯ ಹಾಜಿ ಸಾಹೇಬರು ಆ ಒಂದು ತಿಂಗಳು ಯಾವ ಕುರಿ ಕಂಡರೂ ಮೊದಲು ಸಲಾಂ ಮಾಡಿ, “ಗುಡ್ಡದ್ದೋ ಸಂತೀದೋ?” ಎಂದು ವಿಚಾರಿಸುತ್ತಾರೆ. ಅಂದು ಅವರು ನನ್ನ ಕುರಿಯನ್ನು ಮೇಲಿಂದ ಕೆಳಗೆ ನೋಡಿದರು. ಪಕ್ಕೆಲುಬಿನ ಮೇಲೆ ಕೈಯಾಡಿಸಿದರು. ನನ್ನ ಮುಖ ನೋಡಿದರು. ಏನೂ ಕೇಳದೆ ಒಳಗೆ ಹೋದರು.

ಅವ್ವ ಬಾಗಿಲಲ್ಲೇ ಕೂತುಬಿಟ್ಟಳು. ಆಮೇಲೆ ಎದ್ದು ಅಟ್ಟದ ಆರು, ಗೂಟದ ಪಕ್ಕದ ಹೊಸದೊಂದು, ಹೀಗೆ ಏಳು ಹಗ್ಗ ತಂದು, ಯಾವುದು ಕಟ್ಟಲಿ ಎಂದು ತಿಳಿಯದೆ ಏಳನ್ನೂ ಕಟ್ಟಿದಳು. ಕುರಿ ಸರ್ಕಸ್ಸಿನ ಪ್ರಾಣಿಯ ಹಾಗೆ ಕಾಣುತ್ತಿತ್ತು. ಅವಳಿಗೆ ನಿಜ ಹೇಳುವುದು ನನ್ನಿಂದ ಆಗಲಿಲ್ಲ. ಓಣಿಗೆಲ್ಲ ಶಿರಾ ಹಂಚಿ ಬರುವಷ್ಟರಲ್ಲಿ ಇನ್ನೂ ಆಗಲಿಲ್ಲ.

ಜೂನ್ ಬಂತು. ಗುಡ್ಡದ ಕುರಿಗಳು ಹೋಗುವುದು ಹೀಗೆ: ಕಾಲೇಜು ಸುರುವಾಗುತ್ತದೆ, ಹುಡುಗ ಬೆಳಗಿನ ಪ್ರಾರ್ಥನೆಯನ್ನು ಸಂಜೆಗೆ, ಸಂಜೆಯದನ್ನು ನಾಳೆಗೆ ತಳ್ಳುತ್ತಾನೆ, ಒಂದು ದಿನ ನೋಡಿದರೆ ಗೂಟದಲ್ಲಿ ಹಗ್ಗವಷ್ಟೇ ಇರುತ್ತದೆ. ಗಂಟು ಬಿಚ್ಚಿರುವುದಿಲ್ಲ, ಕಡಿದಿರುವುದಿಲ್ಲ. ಯಾರೂ ಬೈಯುವುದಿಲ್ಲ. ತಾಯಂದಿರು ಹಗ್ಗವನ್ನು ಒಗೆದು ತಂತಿಗೆ ಹಾಕುತ್ತಾರೆ, ಮುಂದಿನ ವರ್ಷಕ್ಕೆ ಬೇಕಲ್ಲ. ಜೂನ್ ಎರಡನೆಯ ವಾರ ನಮ್ಮ ಓಣಿಗಳಲ್ಲಿ ನಡೆದು ಹೋದರೆ ಎಲ್ಲ ಅಂಗಳದಲ್ಲೂ ಹಗ್ಗ ಒಣಗುತ್ತಿರುತ್ತದೆ.

ನನ್ನದು ಹೋಗಲಿಲ್ಲ. ಯಾಕೆ ಹೋಗುತ್ತದೆ? ದಿನಕ್ಕೆ ಮೂರು ಹೊತ್ತು ಶೇಂಗಾ ಬರುತ್ತಿತ್ತು. ನಾನು ಪ್ರಾರ್ಥನೆ ಮಾಡಿದರೂ ಇತ್ತು, ಮಾಡದಿದ್ದರೂ ಇತ್ತು. ಜುಲೈಗೆ ಊರಿನಲ್ಲಿ ಎರಡೇ ಕುರಿ ಉಳಿದವು: ಒಂದು ನನ್ನದು, ಇನ್ನೊಂದು ಮಾರ್ಥವ್ವನದು. ಮಾರ್ಥವ್ವ ಎಂಬತ್ತು ದಾಟಿದ ಮುದುಕಿ. ಹದಿನಾರನೆಯ ವಯಸ್ಸಿನಲ್ಲಿ ಶಿಬಿರದಿಂದ ತಂದ ಕುರಿ ಇವತ್ತಿಗೂ ಅವಳ ಜೊತೆ ಚರ್ಚಿನ ಕೊನೆಯ ಬೆಂಚಿನ ಪಕ್ಕ ಮಲಗುತ್ತದೆ.

ಜನ ಬರತೊಡಗಿದರು. ಪರೀಕ್ಷೆಗೆ ಕೂರುವವರು, ಹಲ್ಲುನೋವಿನವರು, ಮಗ್ಗದ ಕೆಲಸ ಬಿಟ್ಟು ಹೋದ ಗಂಡ ಮನೆಗೆ ಬಾರದ ಹೆಂಗಸರು. ನನ್ನ ಮುಂದೆ ತಲೆ ಬಗ್ಗಿಸಿ, “ಪ್ರಾರ್ಥನಾ ಮಾಡವಾ,” ಎನ್ನುತ್ತಿದ್ದರು. ನಾನು ಮಾಡುತ್ತಿದ್ದೆ. ಹಲ್ಲುನೋವು ಎರಡು ಸಲ ವಾಸಿಯೂ ಆಯಿತು, ಇದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಅಪ್ಪನ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವರು ಕುರಿ, ಕುರುಬ, ಮಂದೆ, ಹಟ್ಟಿ ಬರುವ ಭಾಗಗಳನ್ನೆಲ್ಲ ಬಿಟ್ಟು ಉಪದೇಶ ಮಾಡಬೇಕಾಯಿತು. ಸತ್ಯವೇದದಲ್ಲಿ ಅವನ್ನು ಬಿಟ್ಟರೆ ಉಳಿಯುವುದು ಕಡಿಮೆ. ಏಳು ಭಾನುವಾರ ಬರೀ ಮೀನಿನ ಮೇಲೆ ಮಾತಾಡಿದರು.

ತಡೆಯಲಾಗದೆ ನಾನು ಮಾರ್ಥವ್ವನ ಮನೆಗೆ ಹೋದೆ. ಅವಳು ಕುರಿಯ ಕಣ್ಣಿನ ಪಿಸಿರು ಒರೆಸುತ್ತಿದ್ದಳು.

“ಆಯಿ, ಅರವತ್ತೈದು ವರ್ಷ ಒಂದ ಕುರಿ ಹೆಂಗ ಬದುಕತೈತಿ?”

“ಎಲ್ಲಿ ಬದುಕತೈತಿ? ಸಾಯ್ತಾವ. ಮತ್ತ ಬೇರೆ ಬರ್ತೈತಿ.”

“ತಾವ ಬರ್ತಾವೋ, ನೀ ತರ್ತಿಯೋ?”

ಮಾರ್ಥವ್ವ ಬಹಳ ಹೊತ್ತು ಲೆಕ್ಕ ಹಾಕಿದಳು. “ಒಂದೆರಡು ತಾವ ಬಂದ್ವು. ಒಂದೆರಡು ಸಂತ್ಯಾಗಿಂದ ನಾನ ತಂದೆ. ಯಾವ್ದು ಯಾವ್ದು ಅಂತ ಈಗ ಯಾರಿಗೆ ನೆನಪೈತಿ, ಬಿಡು. ಎಲ್ಲಾ ಹಿಕ್ಕಿ ಹಾಕ್ತಾವ.” ನನ್ನ ಕುರಿಯನ್ನು ಕಣ್ಣು ಕಿರಿದುಮಾಡಿ ನೋಡಿ, “ಇದಕ್ಕ ಶೇಂಗಾ ಕಡಿಮಿ ಮಾಡು, ಹೊಟ್ಟಿ ಉಬ್ಬೈತಿ,” ಎಂದಳು.

ಇದರಿಂದ ಸಮಾಧಾನವಾಗಬೇಕಿತ್ತು. ಆದರೆ ಅದೇ ವಾರ ತಬಿಥಾ ಮನೆಗೆ ಬಂದಳು. ಪೊಲೀಸ್ ಇದ್ದಷ್ಟು ದಿನ ಅವಳು ನೋಡುವಂತಿದ್ದಳು. ನಾಲ್ಕು ಲೈಬ್ರರಿ ಪುಸ್ತಕಗಳನ್ನು ಹಿಂದಿರುಗಿಸಿದಳು. ಗಣಿತದ ಸರ್‌ಗೆ ಇಟ್ಟ ಅಡ್ಡಹೆಸರಿಗಾಗಿ ಅವರ ಮನೆಗೇ ಹೋಗಿ ಕ್ಷಮೆ ಕೇಳಿದಳು. ಆ ಹೆಸರು ಅವರಿಗೆ ಗೊತ್ತಾದದ್ದೇ ಆಗ. ಹನ್ನೊಂದನೆಯ ದಿನ ಅಂಗಳದಲ್ಲಿ ಹಗ್ಗವಷ್ಟೇ ಇತ್ತು. ಬೇರೆಯವರು ಹಗ್ಗ ಒಗೆದು ಸುಮ್ಮನಾದರೆ ಇವಳು ಸೈಕಲ್ಲು ತುಳಿದು ಮೂರು ಸಲ ಗುಡ್ಡದ ಹಿಂದೆ ಹೋಗಿ ಹುಡುಕಿ ಬಂದಿದ್ದಳು.

“ನಿನ್ನ ಕುರಿ ಹೆಂಗ ಉಳೀತು, ಹೇಳಲೇ,” ಎಂದಳು. ಬಡವಾಗಿದ್ದಳು. “ಮುಂಜಾನಿ ಎಷ್ಟಕ್ಕ ಏಳ್ತಿ? ಎಷ್ಟ ಅಧ್ಯಾಯ ಓದ್ತಿ? ನಾ ಮಧ್ಯಾಹ್ನದ ಊಟ ಬಿಟ್ಟು ತಿಂಗಳಾತು. ಮತ್ತ ಏನ ಬಿಡಬೇಕು, ಅದನ್ನರ ಹೇಳು.”

“ಊಟಾ ಮಾಡ ತಬಿಥಾ,” ಅಂದೆ.

“ನೀ ದೊಡ್ಡಾಕಿ ಆಗೀದಿ. ಹೇಳಂಗಿಲ್ಲ,” ಎಂದು ಎದ್ದುಹೋದಳು.

ಆಗಸ್ಟಿನ ಮೊದಲ ಭಾನುವಾರ ಆರಾಧನೆಯಲ್ಲಿ ಭಕ್ತಿಯ ಅನುಭವದ ಸಾಕ್ಷಿ ಹೇಳುವ ಹೊತ್ತಿಗೆ ನಾನು ಎದ್ದು ನಿಂತೆ. ಕುರಿಯೂ ಎದ್ದು ನಿಂತಿತು. ಚರ್ಚು ತುಂಬಿತ್ತು. ಮೊದಲ ಸಾಲಿನಲ್ಲಿ ಅವ್ವ, ವೇದಿಕೆಯ ಪಕ್ಕ ಸಮುವೇಲಪ್ಪ ಮಾಸ್ತರರು, ನಡುವೆ ಎಲ್ಲೋ ತಬಿಥಾ.

“ಇದು ಗುಡ್ಡದ ಕುರಿ ಅಲ್ರಿ,” ಅಂದೆ. “ಸಂತೀದು. ನಂಗ ಕುರಿ ಬಂದ ಇಲ್ಲ. ಅಪ್ಪ ತಂದ್ರು, ಗೋಡಿ ಹಾರಿಸಿದ್ರು. ನನ್ನ ಹಿಂದ ಬರೋದು ಶೇಂಗಾಕ್ಕ.”

ಕಿಸೆಯಿಂದ ಶೇಂಗಾ ತೆಗೆದು ತೋರಿಸಿದೆ. ಕುರಿ ಎಲ್ಲರೆದುರಿಗೆ ತಿಂದಿತು. ಚರ್ಚಿನಲ್ಲಿ ಕೇಳಿಸಿದ್ದು ಶೇಂಗಾ ಅಗಿಯುವ ಸದ್ದು.

ಸಮುವೇಲಪ್ಪ ಮಾಸ್ತರರು ನಿಧಾನಕ್ಕೆ ಎದ್ದರು. ಕಣ್ಣು ತುಂಬಿತ್ತು. “ಕೇಳಿದ್ರೇನ್ರಿ?” ಎಂದರು. “ದೀನತ್ವ ಅಂದ್ರ ಇದು! ಊರ ಮಂದಿ ತನ್ನ ಹೊಗಳಬಾರ್ದು ಅಂತ ಹುಡುಗಿ ತನ್ನ ಕುರೀನ್ನ ಸಂತಿ ಕುರಿ ಮಾಡಿಬಿಟ್ಲು!”

“ಅಲ್ರಿ ಸರ್, ಖರೇನ ಸಂತೀದು!”

“ನೋಡ್ರಿ, ನೋಡ್ರಿ.”

ವೇದಿಕೆಯ ಮೇಲಿಂದ ಅಪ್ಪ, ಎರಡೂ ಕೈಯಲ್ಲಿ ಮೇಜು ಹಿಡಿದು, “ಮಗಳು ಹೇಳೋದು ಖರೆ ಐತಿ. ನಾನ ತಂದೆ. ಮಂಕಿಕ್ಯಾಪ್ ಹಾಕ್ಕೊಂಡು ಹೋಗಿದ್ದೆ,” ಎಂದರು. ಪಾಪ, ಅದನ್ನು ಹೇಳಬೇಕಾಗಿರಲಿಲ್ಲ.

“ಅಪ್ಪನೂ ಹಂಗ, ಮಗಳೂ ಹಂಗ!” ಎಂದು ಹೆಂಗಸರ ಸಾಲಿನಿಂದ ಒಬ್ಬರು ಕಣ್ಣೊರೆಸಿಕೊಂಡರು.

“ಮತ್ತ ಆ ವಾಸನಿ?” ಎಂದು ಮಾಸ್ತರರು ಗೆದ್ದವರ ಹಾಗೆ ಕೇಳಿದರು. “ರಕ್ತಬೋಳದ ವಾಸನಿ?”

“ಸೀಮಿಎಣ್ಣಿ,” ಎಂದರು ಅಪ್ಪ.

ಇಡೀ ಸಭೆ ನಕ್ಕಿತು, ಮಕ್ಕಳ ಮಾತಿಗೆ ನಗುವ ಹಾಗೆ ಪ್ರೀತಿಯಿಂದ. ಮಾಸ್ತರರು ಅಲ್ಲಿಯೇ ನಿಂತು, ಮುಂದಿನ ಮೇ ತಿಂಗಳ ಶಿಬಿರದ ಗುರುವಾರದ ಕೂಟಕ್ಕೆ ಹೊರಗಿನವರು ಬೇಡ, ಅಯ್ಯನೋರ ಮಗಳು ಸುಕೀರ್ತಿಯೇ ಮಾತಾಡಲಿ ಎಂದರು. ಎಲ್ಲರೂ ಆಮೆನ್ ಅಂದರು. ಅವ್ವ ಮಾತ್ರ ಅನ್ನಲಿಲ್ಲ. ಅವಳು ಅಪ್ಪನ ಮುಖ ನೋಡುತ್ತಿದ್ದಳು, ಹೆಂಡತಿಗೆ ನಿಜ ತಿಳಿಯಲು ಅಷ್ಟು ಸಾಕು. ಆಮೇಲೆ ನನ್ನತ್ತ ತಿರುಗಿ, ಇಳಿದಿದ್ದ ನನ್ನ ದುಪಟ್ಟಾ ಎಳೆದು ಸರಿಮಾಡಿದಳು.

ನಡುವಿನ ಸಾಲಿನಿಂದ ತಬಿಥಾ ಎದ್ದು ಹೊರಗೆ ನಡೆದದ್ದನ್ನು ಆಗ ನೋಡಿದೆ. ಮುನ್ನೂರು ಜನರಲ್ಲಿ ನನ್ನ ಮಾತನ್ನು ನಿಜವೆಂದೇ ಕೇಳಿಸಿಕೊಂಡವರು ಅವಳೂ ಅವ್ವನೂ. ನಾನು ಹಿಂದೆಯೇ ಓಡಿದೆ. ನನ್ನ ಹಿಂದೆ ಕುರಿ ಓಡಿತು.

ಅವಳು ನಳದ ಹತ್ತಿರ ಮುಖ ತೊಳೆಯುತ್ತಿದ್ದಳು. ತಿರುಗದೆಯೇ, “ಎರಡ ತಿಂಗಳಲೇ,” ಎಂದಳು. “ನಾ ಎಂಥಾ ಪಾಪಿ ಅಂತ ಎರಡ ತಿಂಗಳ ವಿಚಾರ ಮಾಡೀನಿ. ಸಣ್ಣಾಕಿದ್ದಾಗ ಕದ್ದ ಬಳಪದ ತನಕ ನೆನಪ ಮಾಡ್ಕೊಂಡೀನಿ.”

“ತಪ್ಪಾತು.”

“ಉಪಾಸ ಬಿದ್ದು ಜಂಪರ ಎಲ್ಲಾ ಸಡಲ ಆಗ್ಯಾವ. ಅಪ್ಪ ಎಲ್ಲಾ ಮತ್ತ ಹೊಲಿದ.”

“ತಪ್ಪಾತಲೇ ತಬಿಥಾ.”

ಅವಳು ಮುಖ ಒರೆಸಿಕೊಂಡು ಕುರಿಯನ್ನು ನೋಡಿದಳು. ಕುರಿ ಅವಳನ್ನು ನೋಡಿತು. “ಸೀಮಿಎಣ್ಣಿ,” ಎಂದಳು, ತುಟಿ ಕಚ್ಚಿದಳು, ತಡೆಯಲಾಗಲಿಲ್ಲ. ನಳದ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೆ ಆಶೀರ್ವಾದದ ಪ್ರಾರ್ಥನೆ ನಡೆದಿತ್ತು. ಇಷ್ಟು ದಿನದ ಮೇಲೆ ಆ ನಗು ಕೇಳಿ ನನಗೆ ಧೈರ್ಯ ಬಂತು. ಅವಳ ಪಕ್ಕ ಕೂತು, ಮನಸ್ಸಿನಲ್ಲಿ ವಾರದಿಂದ ಇದ್ದದ್ದನ್ನು ಹೇಳಿದೆ.

“ನೀ ಇಟ್ಕೋ ಇದನ್ನ. ನಾ ಒಪ್ಪಿಸಿ ಕೊಟ್ಟೆ ಅಂತ ಎಲ್ಲಾರಿಗೂ ಹೇಳ್ತೀನಿ. ಎಲ್ಲಿ ಹೋದ್ರೂ ನಿನ್ನ ಹಿಂದ ಬರತೈತಿ. ಮಳಿ ಬರ್ಲಿ, ಪರೀಕ್ಷಿ ಬರ್ಲಿ, ನೀ ಪ್ರಾರ್ಥನಾ ಮರತ್ರೂ ಬಿಟ್ಟು ಹೋಗಂಗಿಲ್ಲ. ನಿನ್ನ ಅಂಗಳದಾಗೂ ಒಂದು ಇರ್ಲಿ.”

ತಬಿಥಾ ಕುರಿಯ ಕೊಂಬಿನ ನಡುವೆ ಕೆರೆದಳು. ಅದು ಕಣ್ಣು ಮುಚ್ಚಿತು. “ಚಲೋ ಕುರಿ ಐತಿ,” ಎಂದಳು. ಸ್ವಲ್ಪ ಹೊತ್ತು ಕೆರೆಯುತ್ತಲೇ ಇದ್ದಳು.

“ನಂದು ಹನ್ನೊಂದ ದಿನ ಇತ್ತು ಸುಕ್ಕಿ. ನಾ ಅದಕ್ಕ ಏನೂ ಕೊಟ್ಟಿರ್ಲಿಲ್ಲ.”

“ಅದು ಹೋತಲ್ಲ. ಇದನ್ನ ತಗೋ.”

“ಬ್ಯಾಡ. ಬಂದ್ರ ಅದರಂಗ ತಾನ ಬರ್ಲಿ.”